ಡ್ರಾಯಿಂಗ್ ಮೇಷ್ಟ್ರ ಕೆಂಪು ಶಾಫ್ಟು

ಕೆಸರು, ಗ್ರೀಸು ಮತ್ತು ಬೀದಿನಾಯಿಯನ್ನು ಬಿಟ್ಟರೆ ಬೇರಾರೂ ಹೋಗಲು ಇಷ್ಟಪಡದ ಜಾಗವೆಂದರೆ ಟ್ರಕ್ಕಿನ ಹೊಟ್ಟೆಯ ಕೆಳಭಾಗ. ಅಲ್ಲಿರುವ ಒಂದು ಕಬ್ಬಿಣದ ಕೊಳವೆಯನ್ನು ಬಿಚ್ಚಿ ತಂದು, ಅದಕ್ಕೆ ಎರಡು ಕೈ ಕೆಂಪು ಬಣ್ಣ ಬಳಿದು, ಒಣಗಿದ ಮೇಲೆ ವಾರ್ನಿಷ್ ಕೊಟ್ಟು, ಸ್ವಲ್ಪ ಹಿಂದೆ ಸರಿದು, ಕತ್ತು ವಾರೆ ಮಾಡಿ ನೋಡಿ, "ಹಳದಿ ಅಂಚು ಬೇಕಿತ್ತೇನೋ" ಎಂದು ಚಿಂತಿಸುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರು. ಅವರೇ ನಮ್ಮ ಡ್ರಾಯಿಂಗ್ ಮೇಷ್ಟ್ರು. ಆ ಬಣ್ಣದಿಂದ ಆದ ಅನಾಹುತವನ್ನೂ ಅದರಿಂದ ನೆಟ್ಟಗಾದ ಸೊಂಟಗಳ ಸಂಗತಿಯನ್ನೂ ಹೇಳುವ ಮೊದಲು, ಮೇಷ್ಟ್ರು ಟ್ರಕ್ಕಿನ ಕೆಳಗೆ ನುಸುಳಿದ್ದೇಕೆ ಎಂಬುದನ್ನು ಹೇಳಬೇಕು.

ನುಸುಳಿದ್ದು ಹೆಂಡತಿಗಾಗಿ. ಮೇಷ್ಟ್ರ ಹೆಂಡತಿ ಸರ್ಕಾರಿ ಆಸ್ಪತ್ರೆಯ ನರ್ಸು, ಊರಿಗೆಲ್ಲ 'ಸಿಸ್ಟರ್'. ವಾರಕ್ಕೊಮ್ಮೆ ಲಸಿಕೆಯ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಗುಡ್ಡದ ನೆತ್ತಿಯಲ್ಲಿರುವ ಮೇಲಿನೂರಿಗೆ ಹೋಗಿಬರುವುದು ಅವರ ಕೆಲಸ. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ದಾರಿ ಎಂದು ಕರೆಯುವುದು ಬಾಯಿಮಾತಿಗೆ. ಬಂಡೆಗಳು ಮನಸ್ಸು ಮಾಡಿ ಬಿಟ್ಟುಕೊಟ್ಟಷ್ಟು ಜಾಗ, ಅಷ್ಟೆ. ವರ್ಷಗಟ್ಟಲೆ ಹತ್ತಿ ಇಳಿದು ಸಿಸ್ಟರ್ ಮಂಡಿ ಸವೆದುಹೋಗಿತ್ತು.

ಇದನ್ನು ಕಂಡ ಆರೋಗ್ಯಾಧಿಕಾರಿಗಳು ಒಂದು ದಿನ ಆಸ್ಪತ್ರೆಯಲ್ಲಿ ಕರುಣೆಯಿಂದಲೇ ಹೇಳಿದರು. "ನೋಡಿ ಸಿಸ್ಟರ್, ನೀವು ಕುಂಟೋದು ನೋಡಿದ್ರೆ ನಂಗೇ ಮಂಡಿ ನೋವು ಬರುತ್ತೆ. ಗಾಡಿ ಹೋಗೋ ಹಾಗಿದ್ರೆ ಸರಿ. ಇಲ್ದಿದ್ರೆ ಮೇಲಿನೂರಿನ ಸುತ್ತು ನಿಲ್ಲಿಸಿಬಿಡ್ತೀನಿ. ಬೇಕಾದವರು ಕೆಳಗಿಳಿದು ಬರ್ಲಿ."

"ಬರಲ್ಲ ಸಾರ್. ಹಸುಗೂಸು ಎತ್ಕೊಂಡು ಆ ಬಂಡೆ ಮೇಲೆ ಯಾರು ಇಳೀತಾರೆ?" ಎಂದು ಸಿಸ್ಟರ್ ಎಷ್ಟು ಹೇಳಿದರೂ ಅಧಿಕಾರಿಗಳು ಜಗ್ಗಲಿಲ್ಲ. ಸಿಸ್ಟರ್ ಮನೆಗೆ ಬಂದು, ಚೀಲ ಇಟ್ಟು, ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತರು. ಮಂಡಿಗಾಗಿ ಒಂದು ದಿನವೂ ಅಳದ ಹೆಂಗಸು ಅವತ್ತು ಅತ್ತದ್ದನ್ನು ನೋಡಿ ಮೇಷ್ಟ್ರಿಗೆ ಸಂಕಟವಾಯಿತು. ಸಂಕಟವಾದಾಗ ಅವರು ಯೋಚಿಸುವುದಿಲ್ಲ, ಘೋಷಿಸುತ್ತಾರೆ.

"ಗಾಡಿ ತಾನೇ ಬೇಕು? ನಮ್ಮ ಮನೆಮುಂದೆ ನಿಂತಿಲ್ವಾ?"

ನಿಂತಿತ್ತು ನಿಜ. ಬಹಳ ಕಾಲದಿಂದ ನಿಂತೇ ಇತ್ತು. ನಾಲ್ಕು ಚಕ್ರಕ್ಕೂ ಎಳೆತವಿರುವ, ಗುಡ್ಡ ಹತ್ತುವ ಜಾತಿಯ ಆ ಹಳೇ ಟ್ರಕ್ಕನ್ನು ಮೇಷ್ಟ್ರು ಹರಾಜಿನಲ್ಲಿ ಕೊಂಡಿದ್ದರು, ಬೆಟ್ಟದ ತುದಿಗೆ ಹೋಗಿ ಪ್ರಕೃತಿಚಿತ್ರ ಬಿಡಿಸುವ ಮಹದಾಸೆಯಿಂದ. ಇಲ್ಲಿಯವರೆಗೆ ಅದು ಏರಿದ್ದ ಅತಿ ದೊಡ್ಡ ಎತ್ತರವೆಂದರೆ ತರಕಾರಿ ಮಾರುಕಟ್ಟೆಯ ಮುಂದಿನ ರಸ್ತೆ ಉಬ್ಬು.

ಪರೀಕ್ಷೆಗೆಂದು ಅಧಿಕಾರಿಗಳನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟದ್ದಾಯಿತು. ಗುಡ್ಡದ ಮೊದಲ ಬಂಡೆತಿರುವಿನಲ್ಲಿ ಮೇಷ್ಟ್ರು ಆಕ್ಸಿಲರೇಟರ್ ತುಳಿದರು. ಕೆಳಗಿನಿಂದ 'ಟಣ್' ಎಂದಿತು. ಎಂಜಿನ್ನು ಭೋರ್ಗರೆಯುತ್ತಿತ್ತು, ಗಾಡಿ ಮಾತ್ರ ಯಾವ ಅವಸರವೂ ಇಲ್ಲದೆ ಹಿಂದಕ್ಕೆ ಜಾರಿ ಒಂದು ಪೊದೆಯಲ್ಲಿ ಕೂತಿತು. ಅಧಿಕಾರಿಗಳು ಅಂಗಿಯಲ್ಲಿ ಸಿಕ್ಕಿಕೊಂಡ ಮುಳ್ಳು ಕೀಳುತ್ತಾ, "ಇನ್ನೊಂದೇ ಸಲ ನೋಡ್ತೀನಿ ಮೇಷ್ಟ್ರೇ. ಮುಂದಿನ ತಿಂಗಳು ಬರ್ತೀನಿ. ಆಗ್ಲೂ ಹೀಗಾದ್ರೆ ಸುತ್ತು ಬಂದ್" ಎಂದು ಹೇಳಿ ನಡೆದೇ ಇಳಿದುಹೋದರು.

ಮುರಿದದ್ದು ಕ್ರಾಸು. ಎಂಜಿನ್ನಿನ ತಿರುಗಾಟವನ್ನು ಚಕ್ರಗಳ ಅಚ್ಚಾದ ಆಕ್ಸಲ್ಲಿಗೆ ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟು ಎನ್ನುತ್ತಾರೆ. ಅದರ ಎರಡೂ ತುದಿಗೆ ಯೋಕು ಎಂಬ, ಎರಡು ಕಿವಿಗಳಿರುವ ಒಂದೊಂದು ಕವಲು. ಕಿವಿಗಳ ನಡುವೆ ಗುಣಾಕಾರದ ಚಿಹ್ನೆಯಂಥ ಕ್ರಾಸು. ಗಾಡಿ ಎಷ್ಟೇ ಕುಣಿದರೂ ಶಾಫ್ಟು ಬಾಗಿಕೊಂಡೇ ತಿರುಗಲು ಈ ಕ್ರಾಸೇ ಮೊಣಕೈ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಮುರಿದ ತುಂಡನ್ನು ಬೆರಳಲ್ಲಿ ಆಡಿಸಿ ನಕ್ಕ.

"ಇದ್ರಲ್ಲಿ ಗುಡ್ಡ ಹತ್ತೋಕೆ ಹೋಗಿದ್ರಾ? ಇದು ಮಾರ್ಕೆಟ್‌ಗೆ ಹೋಗೋ ಕ್ರಾಸು ಸಾರ್. ದೊಡ್ಡ ಸೈಜ್ ಹಾಕಿ. ಕ್ರಾಸು ದೊಡ್ಡದಾದ್ರೆ ಯೋಕೂ ದೊಡ್ಡದೇ ಬೇಕು. ಮುಂದೆ ಹಿಂದೆ ಎಲ್ಲಾ ಬದಲಾಯಿಸ್ಬಿಡಿ, ಆನೆ ಕಟ್ಟಿ ಎಳೆದ್ರೂ ಮುರಿಯಲ್ಲ. ನಮ್ಮ ಹುಡುಗರ ಕೈಲೇ ಹಾಕಿಸ್ಲಾ?"

"ಬೇಡ ಬೇಡ. ನಾನೇ ಹಾಕ್ಕೋತೀನಿ. ಇದೇನು ಬ್ರಹ್ಮವಿದ್ಯೆಯಾ?"

"ಹಂಗಾದ್ರೆ ಶಾಫ್ಟು ಎರಡು ತುಂಡಾಗಿ ಕಳಚಿಕೊಳ್ಳುತ್ತೆ, ಸೇರಿಸುವಾಗ ಬಾಣದ ಗುರುತು ನೋಡ್ಕೊಳ್ಳಿ. ಬಾಣಕ್ಕೆ ಬಾಣ ಎದುರಾಗ್ಬೇಕು."

ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು. ಅವರ ಕಣ್ಣು ಮಾತ್ರ ಎದುರಿನ ಪೇಂಟ್ ಅಂಗಡಿಯ ಡಬ್ಬಗಳ ಮೇಲಿತ್ತು.

ಮುಂದಿನ ದಿನಗಳಲ್ಲಿ ಮನೆ ಮನೆಯಾಗಿ ಉಳಿಯಲಿಲ್ಲ. ಊಟದ ಮೇಜಿನ ಮೇಲೆ ಯೋಕು, ಕಿಟಕಿಯಲ್ಲಿ ಕ್ರಾಸು, ಸೋಪಿನ ಪೆಟ್ಟಿಗೆಯಲ್ಲಿ ನಟ್ಟು. ಕ್ರಾಸಿನ ತುದಿಗೆ ಹಾಕುವ ಮುಚ್ಚಳದೊಳಗೆ ಸೂಜಿಯಂಥ ಸಣ್ಣ ಕಡ್ಡಿಗಳು ಸುತ್ತಲೂ ನಿಂತಿರುತ್ತವೆ. ಮೇಷ್ಟ್ರು ಒಂದು ಮುಚ್ಚಳವನ್ನು ತಲೆಕೆಳಗು ಮಾಡಿ, "ಇದ್ರಲ್ಲೇನಿದೆ?" ಎಂದು ಅಲ್ಲಾಡಿಸಿ ನೋಡಿದರು. ಕಡ್ಡಿಗಳೆಲ್ಲ ಅತ್ತೆ ಆರಿಸುತ್ತಿದ್ದ ಬೇಳೆಯ ಮೊರದೊಳಗೆ ಬಿದ್ದವು.

ಮನೆಯಲ್ಲೇ ಇದ್ದ ಅತ್ತೆಯ ಬಾಯಿ ಸಾಮಾನ್ಯದ್ದಲ್ಲ. "ಅಳಿಯಂದ್ರೇ, ನನ್ನ ಹಲ್ಲಿರೋದೇ ನಾಲ್ಕು. ಅದ್ರ ಮೇಲೂ ಕಣ್ಣಾ ನಿಮ್ಗೆ?" ಎಂದರು. ಬೈದುಕೊಂಡೇ ಕನ್ನಡಕ ಹಾಕಿಕೊಂಡು ಕೂತು ಬೇಳೆಯಿಂದ ಕಡ್ಡಿಯನ್ನೂ ಕಡ್ಡಿಯಿಂದ ಬೇಳೆಯನ್ನೂ ಬೇರ್ಪಡಿಸಿ ಕೊಟ್ಟರು.

ಆಮೇಲೆ ಬಣ್ಣ. ಮೇಷ್ಟ್ರು ಶಾಫ್ಟಿನ ಎರಡೂ ತುಂಡುಗಳನ್ನು ಕಳಚಿ, ಉಜ್ಜಿ, ಒರೆಸಿ ನೋಡಿದಾಗ ಒಂದೊಂದು ತುಂಡಿನ ಮೇಲೂ ಒಂದು ಸಣ್ಣ ಬಾಣದಂಥ ಗೀರು ಕಂಡಿತು. "ಛೆ, ಇಂಥಾ ಮಾಲಿನ ಮೇಲೆ ಗೀರು! ಕಾರ್ಖಾನೆಯವರಿಗೆ ಕೆಲಸದ ಮೇಲೆ ಪ್ರೀತಿನೇ ಇಲ್ಲ" ಎಂದು ಮರುಗಿ, ಗೀರಿನೊಳಗೆ ಪುಟ್ಟಿ ತುಂಬಿ, ಮರಳುಕಾಗದದಿಂದ ತಿಕ್ಕಿ ನುಣ್ಣಗೆ ಮಾಡಿ ಬಣ್ಣ ಬಳಿದರು. ಒಬ್ಬ ಮೆಕ್ಯಾನಿಕ್ ಸಾವಿರ ತಪ್ಪು ಮಾಡಿಯಾನು, ಆದರೆ ಈ ತಪ್ಪನ್ನು ಮಾಡಲು ಡ್ರಾಯಿಂಗ್ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿರಬೇಕು.

ಬಣ್ಣ ಒಣಗಿದ ಮೇಲೆ ಎರಡು ತುಂಡನ್ನೂ ಕೈಗೆ ಬಂದಂತೆ ಸೇರಿಸಿ, ಕ್ರಾಸು ಕೂರಿಸಿ, ಬೋಲ್ಟು ಬಿಗಿದು ಗಾಡಿ ಹೊರಡಿಸಿದರು. ಬೀದಿ ದಾಟುವವರೆಗೆ ಸುಖವಾಗಿತ್ತು. ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚುತ್ತಲೂ ಗಾಡಿ ನಡುಗಲು ಶುರುವಾಯಿತು. ಸಾಮಾನ್ಯ ನಡುಕವಲ್ಲ. ಕನ್ನಡಿ ನಡುಗಿತು, ಬಾಗಿಲು ನಡುಗಿತು, ಪಕ್ಕದಲ್ಲಿ ಕೂತಿದ್ದ ಅತ್ತೆಯ ಗಲ್ಲ ನಡುಗಿತು.

"ಏ-ಏ-ಏನಿದು ಅಳಿ-ಳಿ-ಯಂದ್ರೇ?"

ಗೊತ್ತಿಲ್ಲ ಎಂದು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆಯ ಎದುರಿಗೆ ಗೊತ್ತಿಲ್ಲ ಎಂದ ಅಳಿಯ ಯಾವ ಊರಿನಲ್ಲಿದ್ದಾನೆ? "ಶ-ಶ-ಶಕ್ತಿ ಅತ್ತೆ! ದೊಡ್ಡ ಕ್ರಾಸು ಹಾ-ಹಾಕಿದ್ದೀನಲ್ಲ, ಶಕ್ತಿ ತುಂ-ತುಂಬಿ ತುಳುಕ್ತಿದೆ!" ಎಂದರು ಮೇಷ್ಟ್ರು.

ಹಿಂದಿನ ಹಲಗೆಯ ಮೇಲೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕೂತಿದ್ದರು. ಸೊಂಟ ಹಿಡಿದುಕೊಂಡು, ಬಿದ್ದ ನಾಣ್ಯ ಹುಡುಕುವವರಂತೆ ಬಗ್ಗಿಯೇ ತಿಂಗಳುಗಟ್ಟಲೆ ಓಡಾಡುತ್ತಿದ್ದ ಪುಣ್ಯಾತ್ಮರು. ಎದುರಿಗೆ ಬಂದವರ ಮುಖ ಕಾಣದೆ ಚಪ್ಪಲಿ ನೋಡಿಯೇ ಜನರನ್ನು ಗುರುತಿಸಿ ಮಾತಾಡಿಸುತ್ತಿದ್ದರು. ಮಾರುಕಟ್ಟೆಯಲ್ಲಿ ಗಾಡಿ ನಿಂತಾಗ ಅವರು ಇಳಿದರು. ಇಳಿದವರು ನೆಟ್ಟಗೆ ನಿಂತರು. ತಾವೇ ಗಾಬರಿಯಾಗಿ ಸುತ್ತ ನೋಡಿದರು. ಆಮೇಲೆ ಮೇಷ್ಟ್ರ ಮುಖವನ್ನು ದಿಟ್ಟಿಸಿ ಕೂಗಿದರು.

"ಅಯ್ಯೋ ಮೇಷ್ಟ್ರೇ! ನಿಮ್ಮ ಕೂದಲೆಲ್ಲ ಯಾವಾಗ್ರೀ ಇಷ್ಟು ಬೆಳ್ಳಗಾಯ್ತು?"

ಅಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಮನೆಯ ಮುಂದೆ ಬೆನ್ನು, ಕತ್ತು, ಭುಜ, ಹಿಮ್ಮಡಿ ಎಲ್ಲ ಬಂದು ನಿಂತವು. ಅವುಗಳ ಒಡೆಯರೂ ಜೊತೆಗಿದ್ದರು. ಮೇಷ್ಟ್ರು ಮೊದಲು ಬೇಡವೆಂದರು. ಆದರೆ ಟೈಲರ್ ಕತ್ತು ತಿರುಗಿಸಲಾಗದೆ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನೋಡಿ ಮನಸ್ಸು ಕರಗಿತು. ಒಂದು ಸುತ್ತು ಹೊಡೆಸಿದರು. ಟೈಲರ್ ಇಳಿದವನೇ ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಬೀದಿಯಲ್ಲಿ ಹೋಗುವವರಿಗೆಲ್ಲ ತಿರುಗಿಸಿ ತೋರಿಸಿದ.

ಮಾರನೆಯ ದಿನದಿಂದ ಆಡಳಿತ ಅತ್ತೆಯ ಕೈಗೆ ಹೋಯಿತು. "ಕತ್ತಿನವರು ಮುಂದೆ ಕೂತ್ಕೊಳ್ಳಿ. ಸೊಂಟದವರು ಹಿಂದಿನ ಆಕ್ಸಲ್ ಮೇಲೆ. ಅಲ್ಲಿ ಚೆನ್ನಾಗಿ ಕುಲುಕುತ್ತೆ. ಹೊಟ್ಟೆಯುಬ್ಬರದವರು ಬೇಡಪ್ಪಾ, ನಿಮ್ಮಿಂದ ಉಳಿದವರಿಗೆ ತೊಂದರೆ." ದುಡ್ಡು ಕಾಸು ಏನೂ ಇಲ್ಲ, ಡೀಸೆಲ್ ಬಂದವರೇ ಹಾಕಿಸುತ್ತಿದ್ದರು. ಮೇಷ್ಟ್ರು ಸ್ಟೀರಿಂಗ್ ಹಿಡಿದು ನಡುಗುತ್ತಾ ಊರು ಸುತ್ತಿದರು. ಜನ ಅವರನ್ನು ಕಂಡರೆ ಕೈಮುಗಿಯತೊಡಗಿದರು. ಚಿತ್ರ ಬಿಡಿಸಿ ಇಡೀ ಜೀವಮಾನದಲ್ಲಿ ಸಿಗದ ಗೌರವ ಅದು. ಒಳಗೊಳಗೇ ಮಾತ್ರ ಪುಕಪುಕ ಎನ್ನುತ್ತಿತ್ತು. ಶಕ್ತಿ ಎಂದರೆ ಹೀಗೆ ಬೋಲ್ಟು ಸಡಿಲವಾಗುವುದೇ? ದಿನಾ ಸಂಜೆ ಒಂದೊಂದನ್ನೂ ಮತ್ತೆ ಬಿಗಿಯಬೇಕಾಗುತ್ತಿತ್ತು.

ಸಿಸ್ಟರಿಗೆ ವಿಷಯ ತಿಳಿದದ್ದು ಆಸ್ಪತ್ರೆಯಲ್ಲಿ. ಬೆನ್ನುನೋವಿನವರು ಇದ್ದಕ್ಕಿದ್ದಂತೆ ಬರುವುದೇ ನಿಂತುಹೋಯಿತು. ವಿಚಾರಿಸಿದರೆ, "ನಿಮ್ಮ ಯಜಮಾನ್ರ ಗಾಡಿ ಇರುವಾಗ ಮಾತ್ರೆ ಯಾಕೆ ಸಿಸ್ಟರ್?" ಎಂದರಂತೆ. ಅವರು ಮನೆಗೆ ಬಂದವರು ಚಪ್ಪಲಿಯನ್ನೂ ಕಳಚಲಿಲ್ಲ.

"ರೀ, ನಾನು ಕೇಳಿದ್ದೇನು? ನೀವು ಮಾಡಿದ್ದೇನು? ಗುಡ್ಡ ಹತ್ತೋ ಗಾಡಿ ಮಾಡಿ ಅಂದ್ರೆ ಊರಿನ ಬೆನ್ನೆಲ್ಲಾ ಹತ್ತಿಸ್ಕೊಂಡಿದ್ದೀರಲ್ಲ! ಸಾಹೇಬರ ಕಿವಿಗೆ ಬಿದ್ರೆ ಗತಿಯೇನು? ನರ್ಸಿನ ಮನೇಲೇ ಕಳ್ಳ ವೈದ್ಯ ಅಂತಾರೆ!"

"ಶಕ್ತಿ ಜಾಸ್ತಿ ಆಗಿ..."

"ಶಕ್ತಿಯಂತೆ! ಈ ನಡುಕದಲ್ಲಿ ಲಸಿಕೆ ಶೀಶೆ ಉಳಿಯುತ್ತಾ? ಮೇಲಿನೂರಲ್ಲಿ ಈ ವರ್ಷ ಹುಟ್ಟಿರೋ ಮಕ್ಕಳಿದ್ದಾವೆ ರೀ. ನಾನು ಹೋಗದಿದ್ರೆ ಅಲ್ಲಿಗೆ ಇನ್ನ್ಯಾರೂ ಹೋಗಲ್ಲ. ಅದೊಂದೇ ನಾನು ಕೇಳಿದ್ದು. ಬೇರೆ ಏನನ್ನಾದ್ರೂ ಕೇಳಿದ್ದೀನಾ ನಿಮ್ಮನ್ನ, ಇಷ್ಟು ವರ್ಷದಲ್ಲಿ?"

ಕೇಳಿರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು.

ಆದರೆ ಗಾಡಿ ಏಕೆ ನಡುಗುತ್ತದೆಂದು ಯಾರಿಗೆ ಗೊತ್ತು? ಮೇಷ್ಟ್ರು ಚಕ್ರ ಬಿಚ್ಚಿ ಮತ್ತೆ ಹಾಕಿದರು, ಸೀಟು ಬಿಚ್ಚಿ ಹಾಕಿದರು, ಹಾರ್ನು ಕೂಡ ಬಿಚ್ಚಿ ಹಾಕಿದರು. ಅಂಗಡಿಯವನನ್ನು ಕೇಳಿಬಿಡೋಣವೆಂದು ಹೋದರೆ ಅಂಗಡಿಗೆ ಬೀಗ. ಮಗಳ ಬಾಣಂತನಕ್ಕೆ ಸಂಸಾರಸಮೇತ ಪರವೂರಿಗೆ ಹೋಗಿದ್ದ. ಅಷ್ಟರಲ್ಲಿ ಪರೀಕ್ಷೆಯ ದಿನ ಬಂದೇಬಿಟ್ಟಿತು.

ಬೆಳಿಗ್ಗೆ ಮೇಷ್ಟ್ರು ಕೊನೆಯ ಸಲ ಬೋಲ್ಟು ಬಿಗಿಯಲೆಂದು ಸ್ಪ್ಯಾನರ್ ಹಿಡಿದು ಬಗ್ಗಿದ್ದರು. ಬೀದಿಯ ತುದಿಯಲ್ಲಿ ಅಧಿಕಾರಿಗಳ ಜೀಪು ಕಾಣಿಸಿತು. ಜೀಪು ಬರುವ ಠೀವಿಯಲ್ಲೇ ಕೋಪವಿತ್ತು. ಮೇಷ್ಟ್ರಿಗೆ ಏನೂ ತೋಚದೆ ಬಗ್ಗಿದ್ದವರು ಹಾಗೇ ಟ್ರಕ್ಕಿನ ಕೆಳಗೆ ಉರುಳಿಕೊಂಡರು.

"ಎಲ್ಲಿ ಮೇಷ್ಟ್ರು?" ಅಧಿಕಾರಿಗಳ ಬೂಟು ಬಂದು ನಿಂತಿತು.

"ಊರಲ್ಲಿಲ್ಲ ಸಾರ್" ಎಂದಿತು ಅತ್ತೆಯ ಪಾದ.

"ಇವತ್ತು ಟ್ರಯಲ್ ಇದೆ ಅಂತ ಗೊತ್ತಿದ್ದೂ ಊರಲ್ಲಿಲ್ವಾ? ನನಗೆ ದೂರು ಬಂದಿದೆ. ಇಲಾಖೆಯ ನರ್ಸಿನ ಮನೆಮುಂದೆ ಅನಧಿಕೃತ ಚಿಕಿತ್ಸೆ! ಕುಲುಕಿಸಿ ರೋಗ ವಾಸಿ ಮಾಡ್ತಾರಂತೆ! ಇದಕ್ಕೆ ಯಾವ ಲೈಸೆನ್ಸು? ಯಾವ ವೈದ್ಯಶಾಸ್ತ್ರ?"

"ಶಾಸ್ತ್ರ ಗೀಸ್ತ್ರ ಗೊತ್ತಿಲ್ಲ ಸಾರ್, ನನ್ನ ಸೊಂಟ ನೋಡಿ" ಎಂದರು ಅಲ್ಲಿಗೆ ಬಂದ ಪೋಸ್ಟ್‌ಮಾಸ್ಟರ್. ತಿಂಗಳುಗಟ್ಟಲೆಯ ಅಭ್ಯಾಸ ಎಲ್ಲಿ ಹೋದೀತು, ಮಾತಾಡುತ್ತಲೇ ನೆಲ ನೋಡಿದರು. ಟ್ರಕ್ಕಿನ ಕೆಳಗಿನಿಂದ ಹೊರಗೆ ಚಾಚಿಕೊಂಡಿದ್ದ ಒಂದು ಜೊತೆ ಚಪ್ಪಲಿ ಕಂಡಿತು. ಹಳೇ ಪರಿಚಯದವರನ್ನು ಕಂಡಂತೆ ಅವರ ಮುಖ ಅರಳಿತು. "ಓಹೋ, ಮೇಷ್ಟ್ರು ಇಲ್ಲೇ ಇದ್ದಾರಲ್ಲ! ನಮಸ್ಕಾರ ಮೇಷ್ಟ್ರೇ!"

ಕೆಳಗೆ ಮೇಷ್ಟ್ರು ಕಣ್ಣುಮುಚ್ಚಿಕೊಂಡರು. ಭೂಮಿ ಬಾಯ್ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ಕಣ್ಣು ತೆರೆದರೆ, ಮೂಗಿನ ಮೇಲೆಯೇ ತಮ್ಮ ಕೆಂಪು ಶಾಫ್ಟು. ಇಷ್ಟು ದಿನ ಬೋಲ್ಟು ನೋಡಿದ್ದರು, ನಟ್ಟು ನೋಡಿದ್ದರು, ತಮ್ಮ ಬಣ್ಣವನ್ನಂತೂ ಕಣ್ತುಂಬ ನೋಡಿದ್ದರು. ಮಲಗಿಕೊಂಡು ಶಾಫ್ಟನ್ನು ಈ ತುದಿಯಿಂದ ಆ ತುದಿಯವರೆಗೆ ಒಟ್ಟಿಗೆ ನೋಡಿದ್ದು ಇದೇ ಮೊದಲು. ಈ ತುದಿಯ ಯೋಕಿನ ಕಿವಿಗಳು ನೆಟ್ಟಗೆ ನಿಂತಿವೆ. ಆ ತುದಿಯವು ಅಡ್ಡಡ್ಡ ಮಲಗಿವೆ. ಒಂದು ಮೇಲೆ ಕೆಳಗೆ ನೋಡುತ್ತಿದೆ, ಇನ್ನೊಂದು ಅಕ್ಕಪಕ್ಕ ನೋಡುತ್ತಿದೆ.

ಬಾಣಕ್ಕೆ ಬಾಣ ಎದುರಾಗ್ಬೇಕು.

"ಸಿಕ್ತು!" ಎಂದು ಮೇಷ್ಟ್ರು ಎದ್ದು ಕೂರಲು ಹೋಗಿ ಹಣೆಯನ್ನು ಆಕ್ಸಲ್ಲಿಗೆ ಬಡಿದುಕೊಂಡರು. ಹೊರಗೆ ಉರುಳಿ ಬಂದಾಗ ಹಣೆಯಲ್ಲಿ ಬುಗುಟು, ಮೂಗಿಗೆ ಗ್ರೀಸು. "ಸಾರ್, ಅದು ಶಕ್ತಿ ಅಲ್ಲ ಸಾರ್! ನನ್ನ ತಪ್ಪು! ಗುರುತಿಗೆ ಪುಟ್ಟಿ ಹಾಕಿ ಮುಚ್ಚಿಬಿಟ್ಟೆ! ಎರಡೂ ತುದಿ ಕಿವಿಗಳು ಒಂದೇ ದಿಕ್ಕಿಗೆ ಇರ್ಬೇಕು, ನಾನು ತಿರುಚಿ ಹಾಕಿದ್ದೀನಿ! ಒಂದು ಕಾಫಿ ಕುಡಿಯೋ ಹೊತ್ತು ಕೊಡಿ ಸಾರ್, ಸರಿ ಮಾಡ್ತೀನಿ!"

ಅಧಿಕಾರಿಗಳಿಗೆ ತಲೆಬುಡ ತಿಳಿಯಲಿಲ್ಲ. ಆದರೆ ತಪ್ಪು ನನ್ನದು ಎಂದು ಇಷ್ಟು ಸಂತೋಷದಿಂದ ಕೂಗಿ ಹೇಳುವ ಮನುಷ್ಯನನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಕಾಫಿಗೆ ಕೂತರು.

ಸುದ್ದಿ ಕೇಳಿ ಸೊಂಟದವರೂ ಕತ್ತಿನವರೂ ಓಡಿಬಂದರು. "ನಡುಕ ತೆಗೀಬೇಡಿ ಮೇಷ್ಟ್ರೇ, ನಂದು ಬಲಗಡೆ ಭುಜ ಇನ್ನೂ ಬಾಕಿ ಇದೆ!" ಎಂದ ಟೈಲರ್. "ಒಳ್ಳೇ ಗಾಡೀನ ಹಾಳು ಮಾಡ್ತಿದ್ದೀರಿ!" ಎಂದರು ಪೋಸ್ಟ್‌ಮಾಸ್ಟರ್. ಮೇಷ್ಟ್ರು ಯಾರಿಗೂ ಕಿವಿಗೊಡಲಿಲ್ಲ. ಬೋಲ್ಟು ಬಿಚ್ಚಿ, ಶಾಫ್ಟಿನ ತುಂಡನ್ನು ಹೊರಕ್ಕೆಳೆದು, ಕಾಲು ಸುತ್ತು ತಿರುಗಿಸಿ, ಮತ್ತೆ ಒಳಕ್ಕೆ ತಳ್ಳಿದರು. ಈಗ ಎರಡೂ ತುದಿಯ ಕಿವಿಗಳು ನೆಟ್ಟಗೆ ನಿಂತವು. ಅಳಿಯ ಬಿಗಿದ ಬೋಲ್ಟುಗಳನ್ನೆಲ್ಲ ಅತ್ತೆ ತಾವೂ ಒಮ್ಮೆ ಸ್ಪ್ಯಾನರ್ ಹಿಡಿದು ಬಿಗಿದು ನೋಡಿ, "ಹೂಂ, ಹೊರಡಿ" ಎಂದರು.

ಸಿಸ್ಟರ್ ಲಸಿಕೆಯ ಪೆಟ್ಟಿಗೆ ಹಿಡಿದು ಗಂಡನ ಪಕ್ಕದಲ್ಲಿ, ಅಧಿಕಾರಿಗಳು ಅವರಾಚೆ ಕೂತ ಮೇಲೆ ಗಾಡಿ ಹೊರಟಿತು. ದೊಡ್ಡ ರಸ್ತೆಯಲ್ಲಿ ವೇಗ ಹೆಚ್ಚಿತು. ಕನ್ನಡಿ ನಡುಗಲಿಲ್ಲ. ಬಾಗಿಲು ನಡುಗಲಿಲ್ಲ. ಸಿಸ್ಟರ್ ತೊಡೆಯ ಮೇಲಿದ್ದ ಐಸ್ ಪೆಟ್ಟಿಗೆಯೊಳಗೆ ಒಂದು ಶೀಶೆಯೂ ಕಿಣಿಗುಟ್ಟಲಿಲ್ಲ. ಅಧಿಕಾರಿಗಳು ಕತ್ತಿನ ಹಿಂಭಾಗ ಸವರಿಕೊಳ್ಳುತ್ತಾ, "ಅಲ್ಲ, ಆ ನಡುಕ ನಿಜವಾಗ್ಲೂ ಕೆಲಸ ಮಾಡ್ತಿತ್ತಾ?" ಎಂದು ಮೆಲ್ಲಗೆ ಕೇಳಿದರು.

ಬಂಡೆತಿರುವು ಬಂತು. ಮೇಷ್ಟ್ರು ಗೇರು ಇಳಿಸಿ, ಉಸಿರು ಬಿಗಿಹಿಡಿದು ತುಳಿದರು. ಒಂದು ಚಕ್ರ ಗಾಳಿಯಲ್ಲಿ ತಿರುಗಿತು. ಕೆಳಗೆ ದೊಡ್ಡ ಕ್ರಾಸು ಒಮ್ಮೆ ನರಳಿತು. ಸಿಸ್ಟರ್ ಒಂದು ಕೈಯಲ್ಲಿ ಪೆಟ್ಟಿಗೆಯನ್ನೂ ಇನ್ನೊಂದು ಕೈಯಲ್ಲಿ ಗಂಡನ ಅಂಗಿಯನ್ನೂ ಹಿಡಿದುಕೊಂಡರು. ಗಾಡಿ ಬಂಡೆಯ ಮೇಲೆ ಎದ್ದು, ವಾಲಿ, ಆಚೆಗೆ ಇಳಿದು ಮುಂದೆ ಹೊರಟಿತು. "ಹತ್ತಿತು ರೀ!" ಎಂದರು ಸಿಸ್ಟರ್. ಮೇಷ್ಟ್ರು ಮತ್ತೆ ತುಳಿದರು. ಮುಂದಿನ ಬಂಡೆ ಆಗಲೇ ಬಂದಿತ್ತು.

ಮೇಲಿನೂರಿನ ಮಧ್ಯದ ಬಯಲಿನಲ್ಲಿ ಗಾಡಿ ನಿಂತಾಗ ಮಕ್ಕಳೆಲ್ಲ ಅಲ್ಲೇ ಗೋಲಿ ಆಡುತ್ತಿದ್ದರು. ಸಿಸ್ಟರ್ ಇಳಿದದ್ದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತರು. ಓಡುವಷ್ಟರಲ್ಲಿ ತಾಯಂದಿರು ಬಯಲಿಗೆ ಬಂದು ಒಬ್ಬೊಬ್ಬರನ್ನೇ ಹಿಡಿದುಕೊಂಡಾಗಿತ್ತು.

ಸಿಸ್ಟರ್ ಅಧಿಕಾರಿಗಳ ಕಡೆ ತಿರುಗಿ ನಕ್ಕುಬಿಟ್ಟರು. "ನೋಡಿದ್ರಾ ಸಾರ್? ನಾನು ನಡ್ಕೊಂಡು ಬರುವಾಗ ಇವರೆಲ್ಲ ದೂರದಿಂದಲೇ ನೋಡಿಬಿಡ್ತಾರೆ. ನಾನು ಹತ್ತಿ ಬರೋಷ್ಟರಲ್ಲಿ ಊರಲ್ಲಿ ಒಂದು ಮಗು ಇರಲ್ಲ. ಬಂಡೆ ಸಂದಿಗಳಲ್ಲೆಲ್ಲ ಹುಡುಕಿ ಹುಡುಕಿ, ಸಿಕ್ಕಿದವರಿಗೆ ಚುಚ್ಚಿ ಇಳೀತಿದ್ದೆ. ಗಾಡೀಲಿ ನಾನಿದ್ದೀನಿ ಅಂತ ಗೊತ್ತಾಗ್ದೆ ಇವತ್ತೇ ನೋಡಿ ಎಲ್ಲರೂ ಸಿಕ್ಕಿರೋದು."

ಸ್ವಲ್ಪ ಹೊತ್ತಿನಲ್ಲಿ ಇಡೀ ಮೇಲಿನೂರು ಒಂದೇ ಕೊರಳಿನಲ್ಲಿ ಅಳತೊಡಗಿತು. ಮೇಷ್ಟ್ರು ಗಾಡಿಗೆ ಒರಗಿ ನಿಂತು ಕೇಳಿದರು. ಅಷ್ಟು ಚೆಂದದ ಅಳುವನ್ನು ಅವರು ಎಂದೂ ಕೇಳಿರಲಿಲ್ಲ. ಕಣ್ಣು ಒರೆಸಿಕೊಂಡಾಗ ಗ್ರೀಸು ಕೆನ್ನೆಗೂ ಹತ್ತಿತು.

ಅಷ್ಟರಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ತೋಳು ಉಜ್ಜಿಕೊಳ್ಳುತ್ತಾ ಬಿಕ್ಕುತ್ತಾ ಅವರ ಮುಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿಗಿಂತ ಸಿಟ್ಟೇ ಜಾಸ್ತಿಯಿತ್ತು.

"ಮಾವ, ನಿಮ್ಮ ಗಾಡಿಗೆ ಹಾರ್ನ್ ಇಲ್ವಾ?"

"ಇದೆಯಮ್ಮಾ."

"ಮತ್ತೆ ಹೊಡ್ಕೊಂಡು ಬರ್ಬೇಕು ತಾನೇ? ಮುಂದಿನ ಸಲ ಆ ತಿರುವಿನಿಂದಲೇ ಜೋರಾಗಿ ಹೊಡೀರಿ. ಮಾತು ಕೊಡಿ."

ಮೇಷ್ಟ್ರು ಅಧಿಕಾರಿಗಳ ಮುಖ ನೋಡಿದರು. ಮುಂದಿನ ಸಲ ಎಂಬುದು ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಅವರೊಬ್ಬರೇ. ಒಂದು ಮನೆಯ ಬಾಗಿಲಲ್ಲಿ ಸಿರಿಂಜು ಹಿಡಿದು ನಿಂತಿದ್ದ ಸಿಸ್ಟರ್ ಕೂಡ ಅವರ ಕಡೆಗೇ ನೋಡಿದರು.

ಅಧಿಕಾರಿಗಳು ಗಂಟಲು ಸರಿಮಾಡಿಕೊಂಡರು. ಸರ್ಕಾರದ ಘನತೆಯನ್ನೆಲ್ಲ ಮುಖಕ್ಕೆ ತಂದುಕೊಂಡು ಆ ಹುಡುಗಿಯ ಕಡೆಗೆ ಬಗ್ಗಿದರು.

"ಆಗಲ್ಲಮ್ಮಾ. ಮುಂದಿನ ವಾರದಿಂದ ಪ್ರತಿ ವಾರವೂ ಈ ಗಾಡಿ ಹಾರ್ನ್ ಹೊಡೆಯದೇ ಮೇಲಿನೂರಿಗೆ ಬರತಕ್ಕದ್ದು. ಇದು ಇಲಾಖೆಯ ಆದೇಶ."